ಮಗುವನ್ನು ಚಿವುಟಿ ತೊಟ್ಟಿಲು ತೂಗುವ ಶಾಸ್ತ್ರ: ಮಣ್ಣಿಲ್ಲದ ತೋಟದ ಒಂದು ಮೀಮಾಂಸೆ

‘ಮಗುವನ್ನು ಚಿವುಟಿ ತೊಟ್ಟಿಲು ತೂಗಿದ ಹಾಗೆ’ ಎಂಬ ಗಾದೆಗೆ ಆಗಿರುವಷ್ಟು ಅನ್ಯಾಯ ಕನ್ನಡದ ಇನ್ನೊಂದು ಗಾದೆಗೆ ಆಗಿಲ್ಲ. ವಿಧಾನಸಭೆಯಿಂದ ಬೀಗರ ಮನೆಯ ಜಗಲಿಯವರೆಗೆ ಎಲ್ಲರೂ ಇದನ್ನು ಬೈಗುಳವಾಗಿಯೇ ಬಳಸುತ್ತ ಬಂದಿದ್ದಾರೆ. ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಬೇರೆ. ಈ ಗಾದೆ ನೀತಿಶಾಸ್ತ್ರಕ್ಕೆ ಸೇರಿದ್ದೇ ಅಲ್ಲ, ಅಪ್ಪಟ ತೋಟಗಾರಿಕೆಯ ಸೂತ್ರ. ಅದರಲ್ಲೂ ಫ್ಲ್ಯಾಟಿನ ಅಡುಗೆಕಟ್ಟೆಯ ಮೇಲೆ, ಎಲ್‌ಇಡಿ ದೀಪದಡಿ, ಗೊಬ್ಬರದ ನೀರಿಗೆ ಬೇರು ಇಳಿಬಿಟ್ಟು ನಿಂತ ಗಿಡಗಳ ಮಟ್ಟಿಗೆ ಇದಕ್ಕಿಂತ ಅಡಕವಾದ ಸಲಹೆ ಯಾವ ಕೈಪಿಡಿಯಲ್ಲೂ ಸಿಗದು. ಗಾದೆ ಹುಟ್ಟಿದ ಕಾಲಕ್ಕೆ ಹೈಡ್ರೋಪೋನಿಕ್ಸ್ ಎಲ್ಲಿತ್ತು ಎಂದು ಇತಿಹಾಸಜ್ಞರು ಹುಬ್ಬೇರಿಸಬಹುದು. ಮಣ್ಣಿಲ್ಲದೆ ಬೆಳೆ ತೆಗೆದು ಮಾರಬಹುದೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗೆರಿಕೆ ಸಾರಿದ್ದು 1929ರಲ್ಲಿ. ಗಾದೆ ಅದಕ್ಕಿಂತ ಹಳೆಯದು, ಒಪ್ಪಿದೆ. ಆದರೆ ಸೂತ್ರ ಮೊದಲು, ಭಾಷ್ಯ ಆಮೇಲೆ, ಏರ್ ಪಂಪು ಕಟ್ಟಕಡೆಗೆ ಬರುವುದು ನಮ್ಮ ಪರಂಪರೆಯಲ್ಲಿ ದೋಷವೆನಿಸಿಲ್ಲ.

ಇನ್ನು ಹೇತು. ಗಿಡದ ತುದಿಯಲ್ಲಿ ಕೂತ ಕುಡಿ ನೋಡುವುದಕ್ಕೆ ಎಳೆಯದು, ಅಧಿಕಾರದಲ್ಲಿ ಮಾತ್ರ ಪಾಳೇಗಾರ. 1880ರಲ್ಲಿ ಚಾರ್ಲ್ಸ್ ಡಾರ್ವಿನ್ ಮತ್ತು ಮಗ ಫ್ರಾನ್ಸಿಸ್ ಹುಲ್ಲಿನ ಮೊಳಕೆಯ ತುದಿಗೆ ಪುಟ್ಟ ಟೋಪಿ ತೊಡಿಸಿ, ಬೆಳಕಿನತ್ತ ಬಾಗು ಎಂಬ ಆಜ್ಞೆ ಹೊರಡುವುದು ತುದಿಯಿಂದಲೇ ಎಂದು ತೋರಿಸಿದರು. 1928ರಲ್ಲಿ ಫ್ರಿಟ್ಸ್ ವೆಂಟ್ ಆ ಆಜ್ಞೆಯನ್ನು ಅಗರ್ ತುಂಡೊಂದರಲ್ಲಿ ಹಿಡಿದಿಟ್ಟ. ಅದಕ್ಕೆ ಆಕ್ಸಿನ್ ಎಂಬ ಹೆಸರು ನಿಂತಿತು. 1930ರ ದಶಕದಲ್ಲಿ ಥೀಮನ್ ಮತ್ತು ಸ್ಕೂಗ್ ಕುಡಿ ಕತ್ತರಿಸಿದ ಗಿಡದ ತಲೆಗೆ ಆಕ್ಸಿನ್ ಮೆತ್ತಿದಾಗ, ದೊರೆ ಇನ್ನೂ ಬದುಕಿದ್ದಾನೆಂದೇ ನಂಬಿ ಪಕ್ಕದ ಮೊಗ್ಗುಗಳು ತೆಪ್ಪಗಿದ್ದವು. ಇಷ್ಟರಲ್ಲಿ ಶಾಸ್ತ್ರಾರ್ಥ ಮುಗಿಯಿತು ಎನ್ನುವಾಗ, 2014ರಲ್ಲಿ ಬಟಾಣಿ ಗಿಡಗಳ ಮೇಲೆ ಪ್ರಯೋಗ ನಡೆಸಿದ ಆಸ್ಟ್ರೇಲಿಯಾದ ವಿಜ್ಞಾನಿಗಳು, ಮೊದಲ ಕಾರಣ ಆಕ್ಸಿನ್ ಅಲ್ಲ ಸಕ್ಕರೆ ಎಂದು ತಕರಾರು ತೆಗೆದರು. ಕುಡಿ ಸಕ್ಕರೆಯನ್ನೆಲ್ಲ ತಾನೇ ಎಳೆದುಕೊಳ್ಳುವುದರಿಂದ ಕೆಳಗಿನ ಮೊಗ್ಗುಗಳು ಉಪವಾಸ ಬೀಳುತ್ತವೆ ಎಂಬುದು ಅವರ ವಾದ. ಕುಡಿಯ ಆಳ್ವಿಕೆ ಬೆದರಿಕೆಯದೋ ಪಡಿತರ ನುಂಗುವುದೋ ಎಂಬುದು ದ್ವೈತಾದ್ವೈತದಷ್ಟೇ ರುಚಿಕರವಾದ ಜಗಳ. ಆದರೆ ತುದಿ ಹೋದರೆ ಪಕ್ಕ ಚಿಗುರುತ್ತದೆ ಎಂಬಲ್ಲಿ ಇಬ್ಬರದೂ ಒಂದೇ ಮಾತು, ನಮ್ಮ ಉಗುರಿಗೆ ಅಷ್ಟು ಸಾಕು.

ಉದಾಹರಣೆಗೆ ಕಾಮಕಸ್ತೂರಿ, ಮಾಲ್‌ಗಳಲ್ಲಿ ಇದಕ್ಕೆ ಬೇಸಿಲ್ ಎಂದು ಹೆಸರು, ಬೆಲೆಯೂ ಆ ಹೆಸರಿಗೆ ತಕ್ಕಂತೆ. ಇದರ ಎಲೆಗಳು ಎದುರುಬದುರಾಗಿ ಜೋಡಿ ಜೋಡಿಯಾಗಿ ಬರುತ್ತವೆ. ಕಣ್ಣಿಗೆ ಹತ್ತಿರ ಹಿಡಿದು ನೋಡಿದರೆ ಪ್ರತಿ ಎಲೆಯ ಕಂಕುಳಲ್ಲೂ ಸಾಸಿವೆಕಾಳಿನಷ್ಟು ಹಸಿರು ಮೊಗ್ಗೊಂದು ಸರದಿ ಕಾಯುತ್ತಾ ಕೂತಿರುತ್ತದೆ. ಮೂರ್ನಾಲ್ಕು ಜೋಡಿ ಎಲೆ ಬಂದ ಮೇಲೆ ಎರಡನೆಯ ಜೋಡಿಯ ತುಸು ಮೇಲೆ, ಗೆಣ್ಣಿಗೆ ಪೆಟ್ಟಾಗದಂತೆ ಚಿವುಟಿದರೆ ಒಂದು ಕಾಂಡದ ಜಾಗದಲ್ಲಿ ಎರಡು ಏಳುತ್ತವೆ. ಅವನ್ನೂ ಚಿವುಟಿದರೆ ನಾಲ್ಕು. ಗಣಿತದ ಪ್ರಕಾರ ಹತ್ತನೆಯ ಸುತ್ತಿಗೆ 1024 ಕವಲು ಆಗಬೇಕು. ಅಡುಗೆಕಟ್ಟೆಯ ಅಳತೆ ಗಣಿತಕ್ಕೆ ಗೊತ್ತಿಲ್ಲದ್ದರಿಂದ ಈ ಅಂಶವನ್ನು ಇಲ್ಲಿಗೇ ಬಿಡೋಣ. ಪುದೀನದ್ದು ಇನ್ನೂ ವಿಚಿತ್ರ ನ್ಯಾಯ. ಚಿವುಟಿದ ಕುಡಿಯನ್ನೇ ನೀರಿಗಿಟ್ಟರೆ ವಾರ ಹತ್ತು ದಿನದಲ್ಲಿ ಬೇರು ಬಿಟ್ಟು ಬೇರೆ ಸಂಸಾರ ಹೂಡುತ್ತದೆ. ಅಪರಾಧದ ಸಾಕ್ಷಿಯೇ ಹೀಗೆ ಇನ್ನೊಂದು ತೊಟ್ಟಿಲಲ್ಲಿ ನಗುತ್ತಿರುವಾಗ ಆರೋಪ ನಿಲ್ಲುವುದು ಕಷ್ಟ. ಹೊರಗಿನ ಆಪ್ತವಾಕ್ಯ ಬೇಕೆನ್ನುವವರು ವಿಜಯಪುರದ ದ್ರಾಕ್ಷಿ ಬೆಳೆಗಾರರನ್ನು ಕೇಳಲಿ. ಏಪ್ರಿಲ್‌ನಲ್ಲಿ ಕಡ್ಡಿಗೆಂದು, ಅಕ್ಟೋಬರ್‌ನಲ್ಲಿ ಹಣ್ಣಿಗೆಂದು ಅವರು ವರ್ಷಕ್ಕೆರಡು ಸಲ ಚಾಟ್ನಿ ಮಾಡುತ್ತಾರೆ, ಅಂದರೆ ಬಳ್ಳಿಯನ್ನು ಕತ್ತರಿಸುತ್ತಾರೆ, ಬೆನ್ನಿಗೇ ಗೊಬ್ಬರ ನೀರು ಕೊಟ್ಟು ಉಪಚರಿಸುತ್ತಾರೆ. ಅವರನ್ನು ಕಪಟಿಗಳೆಂದು ಯಾರೂ ಕರೆದಿಲ್ಲ.

ಗಾದೆಯ ಉತ್ತರಾರ್ಧವನ್ನು ಪಂಡಿತರು ಬರೀ ಅಲಂಕಾರ ಎಂದುಕೊಂಡಿದ್ದಾರೆ. ಅಲ್ಲ, ಅದು ಅಕ್ಷರಶಃ ಸತ್ಯ. ಟೊಮೆಟೊ, ಮೆಣಸಿನಕಾಯಿ ಹೂಗಳಲ್ಲಿ ಗಂಡು ಹೆಣ್ಣು ಎರಡೂ ಭಾಗ ಒಟ್ಟಿಗಿದ್ದರೂ ಪರಾಗ ಉದುರುವುದಕ್ಕೆ ಯಾರಾದರೂ ಅಲುಗಿಸಬೇಕು. ಬಯಲಲ್ಲಿ ಆ ಕೆಲಸ ಗಾಳಿಯದು, ದುಂಬಿಯದು. ಕಿಟಕಿ ಮುಚ್ಚಿದ ಮೂರನೆಯ ಮಹಡಿಗೆ ಇಬ್ಬರೂ ಬರುವುದಿಲ್ಲವಾದ್ದರಿಂದ ಮಾಲೀಕನೇ ಹೂಗೊಂಚಲನ್ನು ಬೆರಳಿಂದ ಮೆಲ್ಲಗೆ ತಟ್ಟಿ ತೂಗಬೇಕು. ಬೇರಿನ ಕಡೆಗೂ ಇದೇ ಸೇವೆ: ಪಂಪು ಗುಳುಗುಳು ಎನ್ನುತ್ತಾ ನೀರನ್ನು ಕಲಕಿ ಉಸಿರು ಕೊಡುತ್ತದೆ, ನೀರಿನ ಪಿಎಚ್ 5.5ರಿಂದ 6.5ರೊಳಗೆ ಇರುವಂತೆ ಕಾಯಬೇಕು. ಇಷ್ಟೆಲ್ಲ ತೂಗಿ ಚಿವುಟದೇ ಬಿಟ್ಟರೋ, ಗಿಡ ದೀಪಕ್ಕೆ ತಲೆ ತಾಗಿಸಿ ತುದಿ ಸುಟ್ಟುಕೊಳ್ಳುತ್ತದೆ, ಕೆಳಗಿನ ಎಲೆಗಳು ನೆರಳಲ್ಲಿ ಹಳದಿಯಾಗಿ ತೊಟ್ಟಿಗೆ ಬಿದ್ದು ಕೊಳೆಯುತ್ತವೆ. ಬರೀ ತೂಗುವವರ ಮನೆಯಲ್ಲಿ ದೀಪದ ಕರೆಂಟ್ ಬಿಲ್ಲು ಬರುತ್ತದೆ, ಚಟ್ನಿ ಬರುವುದಿಲ್ಲ.

ಪೂರ್ವಪಕ್ಷಿಗಳು ಇಲ್ಲಿ ದಯೆಯ ಪ್ರಶ್ನೆ ಎತ್ತುತ್ತಾರೆ. ಗಿಡಗಳೂ ಪ್ರಚೋದನೆಗೆ ಸ್ಪಂದಿಸುತ್ತವೆಂದು ಜಗದೀಶಚಂದ್ರ ಬೋಸರು ಉಪಕರಣ ಕಟ್ಟಿಯೇ ತೋರಿಸಿಲ್ಲವೇ ಎನ್ನುತ್ತಾರೆ. ತೋರಿಸಿದ್ದಾರೆ. ಆದರೆ ಈ ಆಕ್ಷೇಪ ಸಾಮಾನ್ಯವಾಗಿ ಪುದೀನ ಚಟ್ನಿಯ ತಟ್ಟೆಯ ಮುಂದೆ ಕೂತವರಿಂದಲೇ ಬರುವುದರಿಂದ ವಾದಿಗಳ ಅರ್ಹತೆಯೇ ಸಂಶಯಾಸ್ಪದ. ಇನ್ನೊಂದು ಪಕ್ಷ ಹೆಚ್ಚು ಗಟ್ಟಿ: ಪ್ರಕೃತಿಯ ಕೈಯಲ್ಲಿ ಕತ್ತರಿ ಇಲ್ಲ, ಕಾಡಿನ ಗಿಡವನ್ನು ಯಾರು ಚಿವುಟುತ್ತಾರೆ? ಉತ್ತರ ಸಿದ್ಧವಾಗಿದೆ. ಆಡು ಮುಟ್ಟದ ಸೊಪ್ಪಿಲ್ಲ. ಪ್ರಕೃತಿ ಆ ಹುದ್ದೆಗೆ ಆಡನ್ನು ನೇಮಿಸಿದೆ. ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಆಡಿಗೆ ಪ್ರವೇಶವಿಲ್ಲದ ಕಾರಣ ಹುದ್ದೆ ಖಾಲಿ ಬಿದ್ದಿದೆ, ಮನೆಯವರೇ ಪ್ರಭಾರ ವಹಿಸಿಕೊಳ್ಳಬೇಕು. ಆಡಿಗಿಲ್ಲದ ಒಂದು ಸಂಯಮ ಮಾತ್ರ ಅವರಿಗಿರಬೇಕು: ಒಂದು ಸಲಕ್ಕೆ ಗಿಡದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಎಲೆ ಹೋದರೆ ಗಿಡದ ಅಡುಗೆಮನೆಯೇ ಹೋದಂತೆ, ಮತ್ತೆ ಚಿಗುರಲು ಬಂಡವಾಳ ಉಳಿಯುವುದಿಲ್ಲ.

ಸಿದ್ಧಾಂತಕ್ಕೆ ನಿಜವಾದ ಗಂಡಾಂತರ ಕೊತ್ತಂಬರಿಯಿಂದ. ಎಳೆಯ ಕೊತ್ತಂಬರಿಗೂ ಲೆಟ್ಯೂಸಿಗೂ ಉದ್ದ ಕಾಂಡವಿಲ್ಲ, ಎಲೆಗಳೆಲ್ಲ ಬುಡದ ನಡುವಿನಿಂದಲೇ ಏಳುತ್ತವೆ. ಆ ನಡುಗುಡಿಯನ್ನು ಚಿವುಟಿದರೆ ಎರಡು ಗಿಡವಾಗುವುದಿಲ್ಲ, ಇದ್ದದ್ದೂ ಹೋಗುತ್ತದೆ. ಹಾಗಾದರೆ ಗಾದೆ ಸುಳ್ಳಾಯಿತೇ? ಆಗಲಿಲ್ಲ, ಇಲ್ಲಿ ಚಿವುಟಬೇಕಾದ್ದು ಮಗುವನ್ನಲ್ಲ, ಸುತ್ತ ನಿಂತ ದೊಡ್ಡಣ್ಣಂದಿರನ್ನು, ಅಂದರೆ ಹೊರಸುತ್ತಿನ ಬಲಿತ ಎಲೆಗಳನ್ನು ಬುಡದಲ್ಲಿ ಕತ್ತರಿಸಬೇಕು. ಎತ್ತರಕ್ಕೆ ಹಬ್ಬುವ ಟೊಮೆಟೊ ತಳಿಯಲ್ಲಿ ಮತ್ತೆ ತಿರುವುಮುರುವು: ಅಲ್ಲಿ ದೊರೆಯನ್ನು ಉಳಿಸಿ ಕಂಕುಳಿನ ಮರಿಗವಲುಗಳನ್ನು ತೆಗೆಯುತ್ತಾರೆ. ಗಿಡ್ಡ ತಳಿಗಾದರೆ ಅದೂ ಬೇಡ. ಕಾಮಕಸ್ತೂರಿಯಲ್ಲಿ ಹೂತೆನೆ ಕಂಡ ದಿನವೇ ತೆಗೆದರೆ ಎಲೆ ಮುಂದುವರಿಯುತ್ತದೆ. ಕೊತ್ತಂಬರಿ ಮಾತ್ರ ಹೂದಂಟು ಎತ್ತಿ ಎಲೆಯನ್ನು ದಾರದಂತೆ ಸಣ್ಣಗಾಗಿಸಿತೆಂದರೆ ಯಾವ ಉಗುರಿನ ಮಾತನ್ನೂ ಕೇಳುವುದಿಲ್ಲ. ಅದನ್ನು ಕಿತ್ತು, ಬೀಜವನ್ನು ಎರಡು ಹೋಳಾಗಿ ಒಡೆದು ಹೊಸದಾಗಿ ಹಾಕಿ. ಆ ಬೆಳೆ ಕೈಗೆ ಬರುವವರೆಗೆ ಸಾರಿಗೆ ಬೇಕಾದ ಸೊಪ್ಪು ಕೆಳಗೆ ತಳ್ಳುಗಾಡಿಯಲ್ಲಿ ಸಿಗುತ್ತದೆ.