ಬಿ20 ಉಪಾಸಕನ ಲಕ್ಷಣಗಳು

ಅಮೆರಿಕದಲ್ಲಿ, ಅದರಲ್ಲೂ ಸೋಯಾ ಅವರೆಯನ್ನು ಹೇರಳವಾಗಿ ಬೆಳೆಯುವ ಮಿನ್ನೆಸೋಟ ರಾಜ್ಯದಲ್ಲಿ, ಅಡುಗೆಮನೆ, ಸ್ನಾನಗೃಹ ಮತ್ತು ಎರಡು ಟಿ.ವಿ.ಗಳುಳ್ಳ ಐದಾರು ಟನ್ನಿನ ಟ್ರೇಲರನ್ನು ಡೀಸೆಲ್ ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿಕೊಂಡು, ನಿಸರ್ಗದ ಮಡಿಲಿನ ಸರಳ ಜೀವನವನ್ನು ಅರಸಿ ಹೊರಡುವ ಗೃಹಸ್ಥರಲ್ಲಿ ಬಿ20 ಉಪಾಸಕರೆಂಬ ಒಳಪಂಗಡವೊಂದಿದೆ. ಬಿ20 ಎಂದರೆ ಇಪ್ಪತ್ತು ಪಾಲು ಜೈವಿಕ ಡೀಸೆಲ್ಲಿಗೆ ಎಂಬತ್ತು ಪಾಲು ಮಾಮೂಲು ಡೀಸೆಲ್ ಬೆರೆಸಿದ ಮಿಶ್ರಣ. ಜೈವಿಕ ಡೀಸೆಲ್ ಎಂದರೆ ಸಸ್ಯದ ಎಣ್ಣೆಯನ್ನೋ ಪ್ರಾಣಿಯ ಕೊಬ್ಬನ್ನೋ ಕ್ಷಾರದ ನೆರವಿನಿಂದ ಮೆಥನಾಲಿನೊಡನೆ ವರ್ತಿಸಿ, ಗ್ಲಿಸರಿನನ್ನು ಬೇರ್ಪಡಿಸಿ ಪಡೆದ ಇಂಧನ. ಆ ರಾಜ್ಯದ ಕಾನೂನಿನಂತೆ 2018ರಿಂದ ಬೇಸಿಗೆಯ ತಿಂಗಳುಗಳಲ್ಲಿ ಬಂಕುಗಳು ಮಾರುವ ಡೀಸೆಲ್ಲೇ ಸಾಮಾನ್ಯವಾಗಿ ಬಿ20 ಆಗಿರುವುದರಿಂದ ಎಲ್ಲರೂ ಅದನ್ನೇ ತುಂಬಿಸುತ್ತಾರೆ. ಉಪಾಸಕನೊಬ್ಬನು ಮಾತ್ರ ಅದನ್ನು ವ್ರತವೆಂದು ಆಚರಿಸುತ್ತಾನೆ.

ಈತನ ಪಾಂಡಿತ್ಯ ಗಾಢವಾದುದು. ಬಿಡಾರದ ಬಯಲಿನಲ್ಲಿ ನಲ್ಲಿ ಎಲ್ಲಿದೆಯೆಂದು ಕೇಳಿದವರಿಗೂ ಈತನು 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನೊಂದು ಕಡಲೆಕಾಯಿ ಎಣ್ಣೆಯಿಂದ ಓಡಿದ ವೃತ್ತಾಂತದಿಂದಲೇ ಉತ್ತರವನ್ನು ಆರಂಭಿಸುತ್ತಾನೆ. ಬಳಿಕ, ಇಂಧನವು ಎಷ್ಟು ಚುರುಕಾಗಿ ತಾನೇ ಹೊತ್ತಿಕೊಳ್ಳುತ್ತದೆಂಬುದರ ಅಳತೆಯಾದ ಸೀಟೇನ್ ಸಂಖ್ಯೆಯನ್ನೂ, ಗಂಧಕ ತೆಗೆದ ಡೀಸೆಲ್ ಕಳೆದುಕೊಂಡ ಜಾರುಗುಣವನ್ನು ಜೈವಿಕ ಡೀಸೆಲ್ ಮರಳಿಸುವ ಬಗೆಯನ್ನೂ ನಿರೂಪಿಸುತ್ತಾನೆ. ಅಷ್ಟರಲ್ಲಿ ಬಾಯಾರಿದವನು ನಲ್ಲಿಯನ್ನು ತಾನೇ ಹುಡುಕಿಕೊಂಡಿರುತ್ತಾನೆ.

ಶುದ್ಧ ಜೈವಿಕ ಡೀಸೆಲ್ಲಿನ ಒಂದು ಗ್ಯಾಲನ್ನಿನಲ್ಲಿ ಮಾಮೂಲು ಡೀಸೆಲ್ಲಿಗಿಂತ ಸುಮಾರು ಶೇ. 8ರಷ್ಟು ಕಡಿಮೆ ಶಕ್ತಿಯಿದ್ದು, ಬಿ20ಯಲ್ಲಿ ಈ ಕೊರತೆ ಶೇ. 1ರಿಂದ 2ರಷ್ಟಕ್ಕೆ ಇಳಿಯುತ್ತದೆ. ಗೋಡೆಯಂತಹ ಮುಖದ ಟ್ರೇಲರನ್ನು ಎಳೆಯುವಾಗಲಾದರೋ ಮೈಲೇಜು ಅರ್ಧಕ್ಕರ್ಧ ಕುಸಿಯುವುದುಂಟು, ಎದುರುಗಾಳಿಯಿದ್ದರೆ ಇನ್ನಷ್ಟು. ಇಷ್ಟು ದೊಡ್ಡ ಏರಿಳಿತದ ನಡುವೆಯೂ ಆ ಶೇ. 2ರ ಪ್ರಭಾವವನ್ನು ಉಪಾಸಕನ ಬಲಗಾಲು ಸ್ಪಷ್ಟವಾಗಿ ಗ್ರಹಿಸುತ್ತದೆ. ಮೈಲೇಜು ಏರಿದರೆ ಅದು ಬಿ20ಯ ಮಹಿಮೆಯೆಂದೂ, ಇಳಿದರೆ ಗಾಳಿಯ, ರಸ್ತೆಯ ಅಥವಾ ಹೆಂಡತಿ ತಂದ ಬೀಡುಕಬ್ಬಿಣದ ಬಾಣಲೆಯ ದೋಷವೆಂದೂ ಆತನ ಲೆಕ್ಕದ ಪುಸ್ತಕದಲ್ಲಿ ದಾಖಲಾಗುತ್ತದೆ. ಕೊಲೊರಾಡೋದಲ್ಲಿ ಸುಮಾರು 3,400 ಮೀಟರ್ ಎತ್ತರದ ಐಸೆನ್‌ಹೋವರ್ ಸುರಂಗದ ಏರಿನಲ್ಲಿ ಟ್ರಕ್ಕು ಏದುಸಿರು ಬಿಟ್ಟಾಗ, ದೋಷವು ನೇರವಾಗಿ ರಾಕಿ ಪರ್ವತಗಳ ಮೇಲೆಯೇ ಬೀಳುತ್ತದೆ.

ಜೈವಿಕ ಡೀಸೆಲ್ಲಿಗೆ ಕರಗಿಸುವ ಗುಣವಿರುವುದರಿಂದ, ಹಳೆಯ ಟ್ಯಾಂಕಿನ ತಳದಲ್ಲಿ ವರ್ಷಗಳಿಂದ ಕೂತ ಕೊಳೆಯನ್ನು ಅದು ಮೊದಮೊದಲು ಕದಡಿ ತಂದು ಫಿಲ್ಟರಿನಲ್ಲಿ ತುಂಬುತ್ತದೆ. ಹೆದ್ದಾರಿಯ ಅಂಚಿನಲ್ಲಿ ಟ್ರಕ್ಕು ನಿಂತುಹೋದಾಗ ಹೆಂಡತಿ ಮಕ್ಕಳು ಕಂಗಾಲಾದರೂ, ಭೇದಿಯೌಷಧ ಕೊಟ್ಟ ವೈದ್ಯನು ಅದರ ಫಲವನ್ನು ನೋಡಿ ಹಿಗ್ಗುವಂತೆ ಈತನು ಕಪ್ಪಾದ ಫಿಲ್ಟರನ್ನು ಎತ್ತಿಹಿಡಿದು ಹಿಗ್ಗುತ್ತಾನೆ. ಚಳಿಗಾಲದ ಸಮಸ್ಯೆ ಇದಕ್ಕಿಂತ ಗಹನವಾದುದು: ಸೋಯಾ ಮೂಲದ ಜೈವಿಕ ಡೀಸೆಲ್ ಸುಮಾರು 0 ಡಿಗ್ರಿ ಸೆಲ್ಸಿಯಸ್ಸಿನಲ್ಲೇ ಹರಳುಗಟ್ಟಿ ಮಬ್ಬಾಗತೊಡಗುವುದರಿಂದ, ಕಾನೂನೇ ಆಗ ಕಡ್ಡಾಯ ಮಿಶ್ರಣವನ್ನು ಶೇ. 5ಕ್ಕೆ ಇಳಿಸಿದೆ. ಟ್ರೇಲರು ಹಿಮದಡಿಯಲ್ಲಿ ಹೂತಿರುವ ಆ ತಿಂಗಳುಗಳಲ್ಲಿ ವ್ರತಭಂಗದ ದೋಷ ಸರ್ಕಾರಕ್ಕೇ ಸಲ್ಲುತ್ತದೆ.

ಟ್ರೇಲರನ್ನು ಮನೆಯಲ್ಲೇ ಬಿಟ್ಟು ಹೊರಟರೆ ಯಾವ ಮಿಶ್ರಣಕ್ಕಿಂತಲೂ ಹೆಚ್ಚು ಡೀಸೆಲ್ ಉಳಿಯುತ್ತದೆಂದು ಯಾರಾದರೂ ಲೆಕ್ಕ ತೋರಿಸಿದರೆ, ಉಪಾಸಕನು ಅದನ್ನು ಗೌರವದಿಂದಲೇ ಆಲಿಸಿ, ಹೊರೆಯಿಲ್ಲದೆ ಇಂಧನದ ಯೋಗ್ಯತೆಯನ್ನು ಪರೀಕ್ಷಿಸುವುದು ಹೇಗೆಂದು ಕೇಳುತ್ತಾನೆ. ಮರುವರ್ಷ, ಪರೀಕ್ಷೆ ಇನ್ನಷ್ಟು ಕಟ್ಟುನಿಟ್ಟಾಗಿರಲೆಂದು, ಇದಕ್ಕಿಂತ ದೊಡ್ಡ ಟ್ರೇಲರನ್ನು ಕೊಳ್ಳುತ್ತಾನೆ.