ಈರುಳ್ಳಿಮಣಿದರ್ಪಣಂ

ಪೀಠಿಕೆ: ಇಂಗ್ಲಿಷಿನ ಪ್ರಿಪೊಸಿಷನ್ನುಗಳನ್ನು ಆಕ್ಸ್‌ಫರ್ಡಿನಲ್ಲಿ ಹುಡುಕಿದ ಪಂಡಿತರು ದಾರಿ ತಪ್ಪಿದ್ದಾರೆ. ಅವುಗಳ ನಿಜವಾದ ಗುರುಕುಲ ನಾಸಿಕ್ ಜಿಲ್ಲೆ ನಿಫಾಡ್ ತಾಲ್ಲೂಕಿನ ಪಿಂಪಳಗಾಂವ್ ಬಸವಂತ್‌ನ ಈರುಳ್ಳಿ ಮಾರುಕಟ್ಟೆ. ‘ಶಬ್ದಮಣಿದರ್ಪಣ’ವೆಂಬ ಕನ್ನಡ ವ್ಯಾಕರಣ ಬರೆದ ಕೇಶಿರಾಜನು ಆತುರಪಟ್ಟು 13ನೇ ಶತಮಾನದಲ್ಲೇ ಹುಟ್ಟಿಬಿಟ್ಟದ್ದರಿಂದ ಅಲ್ಲಿನ ಹರಾಜು ನೋಡುವ ಯೋಗ ಅವನಿಗೆ ಒದಗಲಿಲ್ಲ. ಆ ಕೊರತೆ ತುಂಬಲು ಈ ಶಾಸ್ತ್ರ.

ಸೂತ್ರ 1: ಬೈ ಬರೆ ನೋವಕ್ಕುಂ, ಟು ಬರೆ ಸಾವಕ್ಕುಂ.

ವೃತ್ತಿ: ಕ್ವಿಂಟಲ್‌ಗೆ 2000 ರೂಪಾಯಿ ಇದ್ದ ದರ ‘ಫೆಲ್ ಬೈ 500’ ಎಂದರೆ ಕೈಗೆ 1500. ‘ಫೆಲ್ ಟು 500’ ಎಂದರೆ ಟ್ರ್ಯಾಕ್ಟರ್ ಬಾಡಿಗೆಗೇ ಸರಿ. ಕನ್ನಡಿಗರು ನಗಬೇಕಿಲ್ಲ. ‘ಐನೂರು ಇಳಿಯಿತು’, ‘ಐನೂರಕ್ಕೆ ಇಳಿಯಿತು’ ಎಂಬಲ್ಲಿ ನಮ್ಮ ಚತುರ್ಥಿ ವಿಭಕ್ತಿಯೂ ಅಷ್ಟೇ ನಿಷ್ಕರುಣಿ. ಇಂಗ್ಲಿಷು ಮೊದಲೇ ಎಚ್ಚರಿಸಿ ಹೊಡೆಯುತ್ತದೆ. ಕನ್ನಡ, ಮರಾಠಿಗಳು ಅಂಕಿಯನ್ನು ಕೇಳಿಸಿ, ಆಮೇಲೆ ಪ್ರತ್ಯಯ ಅಂಟಿಸುತ್ತವೆ.

ಸೂತ್ರ 2: ಫೆಲ್ ಎಂಬುದು ಉಭಯಕುಲಜಂ.

ವೃತ್ತಿ: ‘ಫಾಲ್’ ಧಾತುವಿನ ಭೂತಕಾಲ ‘ಫೆಲ್’, ಅಂದರೆ ಬಿತ್ತು. ‘ಫೆಲ್’ ಎಂಬ ಬೇರೊಂದು ಧಾತುವೂ ಉಂಟು, ಅದರರ್ಥ ಕೆಡಹು. ದರ ಬೀಳುವುದು ಅಕರ್ಮಕ. ಆ ದರ ಬೆಳೆಗಾರನನ್ನು ಕೆಡಹುವುದು ಸಕರ್ಮಕ. ಕರ್ತೃ ಯಾರೆಂದು ಕೇಳಿದರೆ ವ್ಯಾಪಾರಿ ದಿಲ್ಲಿಯತ್ತ, ದಿಲ್ಲಿ ಮುಗಿಲತ್ತ ಬೆರಳು ತೋರಿಸುವುದರಿಂದ ಕರ್ಮಣಿ ಪ್ರಯೋಗವೇ ಗತಿ. ಕರ್ಮ ಮಾತ್ರ ರೈತನದು.

ಸೂತ್ರ 3: ಟಿಲ್ ಎಂಬುದರ್ಕೆ ಅವಧಿಯಿಲ್ಲ.

ವೃತ್ತಿ: 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತು ನಿಷೇಧಿಸಿದಾಗ ‘ಟಿಲ್’ನ ಮುಂದೆ 2024ರ ಮಾರ್ಚ್ 31 ಎಂದು ಇತ್ತು. ಗಡುವು ಮುಗಿಯುವ ಮೊದಲೇ ತಾರೀಖು ಹೋಯಿತು: ಇದು ಲೋಪಸಂಧಿ. ಅದರ ಜಾಗಕ್ಕೆ ‘ಮುಂದಿನ ಆದೇಶದವರೆಗೆ’ ಎಂದು ಬಂತು: ಇದು ಸಾಕ್ಷಾತ್ ಆದೇಶಸಂಧಿ. ಮೇ 4ರಂದು ನಿಷೇಧವೇನೋ ತೊಲಗಿತು, ಆದರೆ ಟನ್ನಿಗೆ 550 ಡಾಲರ್ ಕನಿಷ್ಠ ರಫ್ತು ಬೆಲೆ, ಮೇಲೆ ಶೇ. 40 ಸುಂಕ ಬಂದು ಸೇರಿದವು: ಆಗಮಸಂಧಿ. ಒಂದೇ ಗಡ್ಡೆಯಲ್ಲಿ ಕನ್ನಡದ ಮೂರೂ ಸಂಧಿಗಳು ಸಿದ್ಧಿಸಿದ ಉದಾಹರಣೆ ‘ಶಬ್ದಮಣಿದರ್ಪಣ’ದಲ್ಲೂ ಇಲ್ಲ.

ಫಲಶ್ರುತಿ: ಬಿಟ್ಟ ಸ್ಥಳ ತುಂಬುವ ಮಕ್ಕಳೇ, ಪರೀಕ್ಷೆಯಲ್ಲಿ ಪ್ರಿಪೊಸಿಷನ್ ತಪ್ಪಿದರೆ ಒಂದು ಅಂಕ ಹೋಗುತ್ತದೆ, ಮಾರುಕಟ್ಟೆಯಲ್ಲಿ ತಪ್ಪಿದರೆ ಒಂದು ಬೆಳೆ ಹೋಗುತ್ತದೆ. ಆದ್ದರಿಂದ ಇನ್ನು ಮುಂದೆ ಈ ಪಾಠವನ್ನು ಇಂಗ್ಲಿಷ್ ಮೇಷ್ಟ್ರ ಬದಲು ಈರುಳ್ಳಿ ಬೆಳೆಗಾರರೇ ಹೇಳಿಕೊಡತಕ್ಕದ್ದು.