ಕಪ್ಪೆಚಿಪ್ಪಿಗೆ ಡಾಕ್ಟರ ಕೆಲಸ ಕೊಡಬೇಡಿ

ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಮನೆಗಳಲ್ಲಿ ಉಪ್ಪುನೀರಿನ ತೊಟ್ಟಿ ಇಟ್ಟಿರುವ ಗೆಳೆಯರೇ,

ಮೀನಿನ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಕಂಡ ಬೆಳಗ್ಗೆ ಎದೆ ಹೇಗೆ ಧಸಕ್ಕೆನ್ನುತ್ತದೆ ಎಂದು ಬಲ್ಲೆ. ಹೋದ ವರ್ಷ ನನ್ನ ನೀಲಿ ಟ್ಯಾಂಗ್‌ಗೆ ಹಾಗಾಯಿತು. ‘ಒಂದು ಕಪ್ಪೆಚಿಪ್ಪು ಬಿಡಿ ಸಾರ್, ಎಲ್ಲ ಸೋಸಿ ತಿಂದುಬಿಡುತ್ತೆ’ ಅಂದರು ಅಂಗಡಿಯವರು. ಬಿಟ್ಟೆ. ಆರನೇ ದಿನ ಟ್ಯಾಂಗ್ ಸತ್ತಿತು, ಕಪ್ಪೆಚಿಪ್ಪು ಆರೋಗ್ಯವಾಗಿತ್ತು.

ಆ ಮಾತು ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ಈ ರೋಗ ತರುವ ಕ್ರಿಪ್ಟೊಕ್ಯಾರಿಯಾನ್ ಎಂಬ ಪರೋಪಜೀವಿ ಕೆಲವು ದಿನ ಮೀನಿನ ಚರ್ಮದೊಳಗೆ, ಕಿವಿರಿನೊಳಗೆ ಕೂತು ತಿನ್ನುತ್ತದೆ. ಆಮೇಲೆ ಉದುರಿ, ಕಲ್ಲಿಗೋ ಮರಳಿಗೋ ಅಂಟಿ, ಸುತ್ತ ಗಟ್ಟಿ ಕೋಶ ಕಟ್ಟಿಕೊಳ್ಳುತ್ತದೆ. ಒಳಗೇ ಒಡೆದೊಡೆದು ನೂರಾರು ಮರಿಗಳಾಗಿ ಈಚೆ ಬರುತ್ತದೆ, ಅದೂ ಹೆಚ್ಚಾಗಿ ಬೆಳಕು ಹರಿಯುವ ಮುಂಚೆ, ಮೀನುಗಳು ಕಲ್ಲಿನ ಸಂದಿಯಲ್ಲಿ ನಿದ್ದೆ ಮಾಡುವ ಹೊತ್ತಿಗೆ. ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟಿರುವ ಆ ಮರಿಗೆ ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಸಾವು. ಕಪ್ಪೆಚಿಪ್ಪು, ಗರಿಹುಳುಗಳಂಥ ಸೋಸುವ ಜೀವಿಗಳ ಬಾಯಿಗೆ ಪರೋಪಜೀವಿ ಸಿಕ್ಕಬಹುದಾದದ್ದು ಈಜುವ ಈ ಗಳಿಗೆಯಲ್ಲಿ ಮಾತ್ರ. ಚರ್ಮದೊಳಗಿನದು, ಕೋಶದೊಳಗಿನದು ಅವಕ್ಕೆ ಎಟಕುವುದಿಲ್ಲ. ತಪ್ಪಿಸಿಕೊಂಡದ್ದು ಒಂದೇ ಆದರೂ ಮುಂದಿನ ಸುತ್ತಿಗೆ ಮತ್ತೆ ನೂರಾರು. ಸೋಸುವ ಜೀವಿಗಳಿಂದ ಹೊರೆ ಇಳಿದೀತು, ರೋಗ ಹೋಗದು.

ಇನ್ನು ತಾಮ್ರದ ಔಷಧ. ಅದು ಈ ರೋಗಕ್ಕೆ ಕೆಲಸ ಮಾಡುತ್ತದೆ, ಆದರೆ ಹವಳದ ತೊಟ್ಟಿಗೆ ಸುರಿದರೆ ಕಪ್ಪೆಚಿಪ್ಪನ್ನೂ ಹವಳವನ್ನೂ ಕೊಲ್ಲುತ್ತದೆ. ಮೀನುಗಳನ್ನೆಲ್ಲ ಬೇರೆ ತೊಟ್ಟಿಗೆ ತೆಗೆದು ಅಲ್ಲೇ ಔಷಧ ಕೊಡಿ. ದೊಡ್ಡ ತೊಟ್ಟಿ 76 ದಿನ ಮೀನಿಲ್ಲದೆ ಇರಲಿ. ಅನುಭವಸ್ಥರು ಪಾಲಿಸುವ ಲೆಕ್ಕ ಇದು. ಹೊಸ ಮೀನು ತಂದಾಗಲೂ ಮೊದಲು ಪ್ರತ್ಯೇಕವಾಗಿಡಿ. ನಾನು ಟ್ಯಾಂಗ್ ತಂದ ದಿನವೇ ಇಷ್ಟು ಮಾಡಿದ್ದರೆ ಅದು ಉಳಿಯುತ್ತಿತ್ತೇನೋ.

ಕೇಳಲೇಬೇಕಾದ ಇನ್ನೊಂದು ಮಾತಿದೆ. ಟ್ರೈಡಾಕ್ನಾ ಎಂಬ ದೈತ್ಯ ಕಪ್ಪೆಚಿಪ್ಪಿನ ನಮ್ಮ ಕಡಲಿನ ಜಾತಿಗಳು 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿ ಸೇರಿವೆ, ಗಟ್ಟಿ ಹವಳಗಳೂ ಹಾಗೇ. ಯಾರೋ ಗುಟ್ಟಾಗಿ ತಂದುಕೊಡುತ್ತೇನೆಂದರೆ ದಯವಿಟ್ಟು ಬೇಡ ಅನ್ನಿ. ಮಂಗಳೂರಿಂದ ಐಸಿನಲ್ಲಿ ಬರುವ ಅಡುಗೆಯ ಮರುವಾಯಿ ಚಿಪ್ಪನ್ನೂ ತೊಟ್ಟಿಗೆ ಬಿಡಬೇಡಿ. ಸತ್ತು ಕೊಳೆತರೆ ಅಮೋನಿಯ ಏರಿ ಉಳಿದ ಮೀನೂ ಹೋಗುತ್ತದೆ.

ಪ್ರತ್ಯೇಕ ತೊಟ್ಟಿಗೆ ಜಾಗವಿಲ್ಲ, ದುಡ್ಡಿಲ್ಲ ಅನ್ನುವವರಿಗೆ: ಅಂಗಡಿಯಲ್ಲಿ ಸಿಗುವ ದೊಡ್ಡ ಪ್ಲಾಸ್ಟಿಕ್ ಟಬ್ಬು, ಒಂದು ಹೀಟರ್, ಒಂದು ಏರ್ ಪಂಪು ಇದ್ದರೂ ನಡೆಯುತ್ತದೆ. ನನ್ನ ಟಬ್ಬು ಈಗ ಖಾಲಿ ಇದೆ. ಬೇಕಾದವರು ಒಯ್ಯಿರಿ, ಮೀನು ಹುಷಾರಾದ ಮೇಲೆ ತೊಳೆದು ಒಣಗಿಸಿ ತಂದುಕೊಟ್ಟರೆ ಸಾಕು.

ನಿಮ್ಮವ,
ರಾಜಾಜಿನಗರದ ಮೀನು ಸಾಕುವವ